ಇಟಲಿಯ ಆಲ್ಬಮ್ಮಿನಲ್ಲಿ ಒಂದು ಕುಂಚಿಗೆ

ಮೂಡಲಗಿಯಿಂದ ಮಿಲಾನ್

ನಾನು ಹುಟ್ಟಿದ್ದು ಹುಕ್ಕೇರಿಯಲ್ಲಿ, ನನ್ನನ್ನು ಕೊಟ್ಟದ್ದು ಮೂಡಲಗಿಗೆ, ತಂಗಿ ಸುವರ್ಣಾಳನ್ನು ಕೊಟ್ಟದ್ದು ಗೋಕಾಕಕ್ಕೆ. ಈ ಮೂರು ಊರು ಬಿಟ್ಟರೆ ನಾನು ಕಂಡದ್ದು ಶ್ರೀಶೈಲ, ಕೂಡಲಸಂಗಮ, ಒಮ್ಮೆ ಕಾಶಿ. ಗುಡಿಯಿಲ್ಲದ ಊರಿಗೆ ಪ್ರವಾಸ ಹೋಗುವುದು ನಮ್ಮ ಮನೆತನದಲ್ಲೇ ಇಲ್ಲ. ಅಂಥವಳು ಹೋದ ವರ್ಷ ಇಟಲಿಗೆ ಹೋಗಿ ಮೂರು ವಾರ ಇದ್ದು ಬಂದೆ. ಹೋದದ್ದು ಊರು ನೋಡಲಿಕ್ಕಲ್ಲ, ತಂಗಿಗೆ ದತ್ತು ಮಗು ಕೊಡಿಸುವ ಸಂಸ್ಥೆಯನ್ನು ಆರಿಸಲಿಕ್ಕೆ.

ತಂಗಿಯ ಗಂಡ ಈರಣ್ಣ ಮೊದಲು ಗೋಕಾಕದಲ್ಲಿ ನೂಲಿನ ಯಂತ್ರ ರಿಪೇರಿ ಮಾಡುತ್ತಿದ್ದ. ಆಮೇಲೆ ಆ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯಲ್ಲೇ ಕೆಲಸ ಸಿಕ್ಕು ಬರ್ಗಾಮೋ ಎಂಬ ಊರಿಗೆ ಹೋದ. ಸುವರ್ಣಾಗೆ ಮೂರು ಸಲ ಬಸಿರು ನಿಂತು ಮೂರು ಸಲವೂ ಉಳಿಯಲಿಲ್ಲ. ಕೊನೆಗೆ ಇಬ್ಬರೂ ಅಲ್ಲಿನ ಕೋರ್ಟಿಗೆ ಅರ್ಜಿ ಹಾಕಿ, "ಇವರು ಮಗು ಸಾಕಲು ಯೋಗ್ಯರು" ಎಂಬ ಕಾಗದ ತೆಗೆದುಕೊಂಡರು. ಕಾಗದ ಸಿಕ್ಕ ವರ್ಷದೊಳಗೆ, ಭಾರತದಿಂದ ಮಗು ತರಿಸಿಕೊಡಲು ಅಲ್ಲಿನ ಒಂದು ಸಂಸ್ಥೆಗೆ ಕೆಲಸ ಒಪ್ಪಿಸಬೇಕು. ಇಲ್ಲದಿದ್ದರೆ ಕಾಗದ ರದ್ದು, ಮತ್ತೆ ಮೊದಲಿನಿಂದ ಶುರು. ಸುವರ್ಣಾ ನನಗೆ ಫೋನು ಮಾಡುವ ಹೊತ್ತಿಗೆ ಹತ್ತು ತಿಂಗಳು ಮುಗಿದಿದ್ದವು.

"ಅಕ್ಕಾ, ಎರಡು ಸಂಸ್ಥಾದಾಗ ಯಾವುದು ಹಿಡೀಬೇಕು ತಿಳೀವಲ್ದು. ಇವರ್ದೊಂದು ಮನಸ್ಸು, ನಂದೊಂದು ಮನಸ್ಸು. ನೀ ಬಾ. ನೀ ಮಂದಿ ಮಾರಿ ನೋಡಿ ಹೇಳತಿ."

ಮಗಳಿಗೆ ವರ ನೋಡಿದ್ದೇನೆ, ಮನೆಗೆ ಎರಡು ಎಮ್ಮೆ ಆರಿಸಿದ್ದೇನೆ, ಎರಡೂ ಕಡೆ ಮೋಸವಾಗಿಲ್ಲ. ಆ ಧೈರ್ಯದ ಮೇಲೆ ಹ್ಞೂಂ ಅಂದೆ. ನಮ್ಮ ಮನೆಯವರು, "ಹೋಗಿ ಬಾ. ಕುಕ್ಕರಿಗೆ ಎಷ್ಟ ಸೀಟಿ ಅಂತ ಗ್ವಾಡಿ ಮ್ಯಾಲ ಬರದ ಹೋಗು," ಅಂದರು.

ಹೊರಡುವ ಮುಂಚೆ ಗೋಕಾಕಕ್ಕೆ ಹೋಗಿ ಸುವರ್ಣಾಳ ಅತ್ತೆ ಗಂಗವ್ವನವರನ್ನು ಕಂಡು ಬಂದೆ. ಅವರು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು: "ಎಳೀ ಕೂಸ ನೋಡ್ರಿ, ಇನ್ನೂ ಹಾಲ ಕುಡಿಯೂದು. ಹಂಗಾದ್ರ ಅಲ್ಲೇ ಹಡದಾಳ ಅಂತ ಓಣ್ಯಾಗ ಹೇಳಾಕ ಬರತೈತಿ." ಸುಳ್ಳು ಯಾಕೆ ಹೇಳಲಿ, ಆಗ ನನಗೂ ಅದು ಸರಿ ಎನ್ನಿಸಿತ್ತು.

ಮಿಲಾನ್ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆಗೆಸಿದರು. ಒಳಗೆ ಎರಡು ವಿಭೂತಿ ಗಟ್ಟಿ ಇದ್ದವು. ಕೈಗೆ ರಬ್ಬರು ಚೀಲ ಹಾಕಿಕೊಂಡ ಹುಡುಗಿ ಅವನ್ನು ಮೂಸಿದಳು, ತಿಕ್ಕಿದಳು, ಯಾರನ್ನೋ ಕರೆದಳು. ನಾಯಿ ಬೇರೆ ಬಂತು. ನನಗೆ ಅವರ ಮಾತು ಬರದು, ಏನು ಮಾಡಲಿ? ಗಟ್ಟಿಯ ಮೇಲೆ ಮೂರು ಬೆರಳು ಉಜ್ಜಿ ಹಣೆಗೆ ಎಳೆದುಕೊಂಡು ಕೈಮುಗಿದೆ. ವಯಸ್ಸಾದ ಪೊಲೀಸನೊಬ್ಬ ನಕ್ಕು, ತನ್ನ ಹಣೆ ಮುಟ್ಟಿ ತೋರಿಸಿ, ಎರಡನ್ನೂ ತಾನೇ ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಅವರ ಧರ್ಮದಲ್ಲೂ ವರ್ಷಕ್ಕೊಂದು ದಿನ ಹಣೆಗೆ ಬೂದಿ ಹಚ್ಚುತ್ತಾರಂತೆ, ಸುವರ್ಣಾ ಆಮೇಲೆ ಹೇಳಿದಳು. ಶಿವ ಅಲ್ಲಿಯೂ ಒಬ್ಬನನ್ನು ನಿಲ್ಲಿಸಿದ್ದ. ಇಂಥ ಸಣ್ಣ ಸಣ್ಣ ಉಪಕಾರ ಎಣಿಸಿಟ್ಟುಕೊಳ್ಳುವುದು ನನ್ನ ರೂಢಿ. ಇದು ಮೊದಲನೆಯದು.

ಬರ್ಗಾಮೋ

ಊರು ಗುಡ್ಡದ ಮೇಲೊಂದು, ಗುಡ್ಡದ ಕೆಳಗೊಂದು. ಮಧ್ಯಾಹ್ನವಾದರೆ ಅಂಗಡಿ ಮುಚ್ಚಿ, ಕಿಟಕಿ ಮುಚ್ಚಿ, ಎಲ್ಲರೂ ಒಳಗೆ. ಯಾರೋ ಸತ್ತಿರಬೇಕೆಂದು ನಾನು ಮೊದಲ ದಿನ ಧ್ವನಿ ತಗ್ಗಿಸಿಯೇ ಮಾತಾಡಿದೆ. ಕಾಫಿಯನ್ನು ಬಾಳಂತಿಗೆ ಕೊಡುವ ಕಷಾಯದಷ್ಟು ಕೊಡುತ್ತಾರೆ, ಅದನ್ನು ನಿಂತೇ ಕುಡಿದು ಓಡುತ್ತಾರೆ. ಬಸ್ಸಿನಲ್ಲಿ ಟಿಕೆಟ್ ಕೊಂಡರೆ ಸಾಲದು, ಅದನ್ನು ಒಂದು ಪೆಟ್ಟಿಗೆಯ ಬಾಯಿಗೆ ಕೊಟ್ಟು ಮುದ್ರೆ ಒತ್ತಿಸಬೇಕು. ನಾನು ಟಿಕೆಟ್ಟನ್ನು ಜೋಪಾನವಾಗಿ ಕುಪ್ಪಸದಲ್ಲಿಟ್ಟುಕೊಂಡು ಕೂತಿದ್ದೆ. ತಪಾಸಣೆಯವ ಬಂದು ಕೇಳಿದಾಗ ಅದನ್ನು ತೆಗೆಯುವ ಹೊತ್ತಿಗೆ ಅವನೇ ನಾಚಿ ಮುಂದೆ ಹೋದ. ಇದು ಎರಡನೆಯ ಉಪಕಾರ.

ಗಾಬರಿಯಾದದ್ದು ಸುವರ್ಣಾ ಕೋರ್ಟಿನ ಕಡತ ತೋರಿಸಿದಾಗ. ಕೆಲವು ತಿಂಗಳು ಕೋರ್ಟಿನ ಕಡೆಯ ಮಂದಿ ಅವರ ಮನೆಗೆ ಬಂದು ವಿಚಾರಿಸಿದ್ದರಂತೆ. ಜಗಳಾಡಿದರೆ ಮೊದಲು ಮಾತಾಡುವವರು ಯಾರು? ನಿಮ್ಮಪ್ಪ ನಿಮಗೆ ಹೊಡೆಯುತ್ತಿದ್ದನೇ? ಕಳೆದುಕೊಂಡ ಬಸಿರುಗಳಿಗೆ ಅತ್ತು ಮುಗಿಸಿದ್ದೀರಾ?

"ಇದನ್ನೆಲ್ಲಾ ನೀ ಹೇಳಿದೇನ?" ಅಂದೆ.

"ಹೇಳಿನಿ. ಅಪ್ಪ ಬಾರಕೋಲ ತಗೊಂಡಿದ್ದೂ ಹೇಳಿನಿ."

"ಅಯ್ಯ ಶಿವನ! ಹಡಿಯಾಕ ಯಾರದರ ಪರವಾನಿಗಿ ಬೇಕೇನ?"

"ಹಡಿಯಾಕ ಬ್ಯಾಡಕ್ಕಾ. ಹಡೀಲಾರದಾರಿಗೆ ಬೇಕು."

ರೊಟ್ಟಿ ಬಡಿಯಲು ಎದ್ದೆ.

ಮಿಲಾನಿನ ಮೂರನೆಯ ಮಹಡಿ

ಮೊದಲ ಸಂಸ್ಥೆ ಮಿಲಾನಿನ ಹಳೆಯ ಕಟ್ಟಡದಲ್ಲಿತ್ತು. ಹೊರಗಿನ ಕೋಣೆಯಲ್ಲಿ ಒಬ್ಬ ಇಟಲಿಯ ಹೆಂಗಸು, ಜೊತೆಗೆ ನಮ್ಮ ಬಣ್ಣದ ಒಂಬತ್ತು ಹತ್ತು ವರ್ಷದ ಹುಡುಗಿ. ಹುಡುಗಿ ನನ್ನ ಸೀರೆ ನೋಡಿ ಹತ್ತಿರ ಬಂದು, ಬಳೆಗಳನ್ನು ಒಂದೊಂದಾಗಿ ಸರಿಸುತ್ತಾ ಏನೋ ಕೇಳಿದಳು. ಸುವರ್ಣಾಳ ಮುಖ ಬಿಳಿಚಿತು.

"ಏನಂತಾಳ?"

"'ನೀವು ಭಾರತದಿಂದ ಬಂದೀರೇನು? ನನ್ನ ಹಡದವ್ವ ಅಲ್ಲೇ ಅದಾಳ, ನಿಮಗ ಗೊತ್ತದಾಳೇನು?' ಅಂತ ಕೇಳಾಕತ್ತಾಳಕ್ಕಾ."

ಸಾಕಿದ ತಾಯಿ ಪಕ್ಕದಲ್ಲೇ ಕೂತಿದ್ದಾಳೆ! ನಾನು ಹೆದರಿ ಅವಳ ಕಡೆ ನೋಡಿದೆ. ಆಕೆ ಮಗಳ ಬೂಟಿನ ದಾರ ಬಿಗಿದು ಕಟ್ಟುತ್ತಾ ನನ್ನನ್ನು ನೋಡಿ ನಕ್ಕಳು. ನಮ್ಮಲ್ಲಿ ಸಾಯುವತನಕ ಬಚ್ಚಿಡುವ ಮಾತನ್ನು ಇವರು ಬೂಟಿನ ದಾರ ಕಟ್ಟುತ್ತಾ ಆಡುತ್ತಾರೆ. ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿದೆ. ಹುಡುಗಿ, ಹಾಗಾದರೆ ಇರಲಿ ಎನ್ನುವಂತೆ ಬಳೆ ಬಿಟ್ಟು ಹೋದಳು.

ಒಳಗೆ ಕ್ಲಾರಾ ಎಂಬ ನರೆಗೂದಲಿನ ಹೆಂಗಸು. ಆಕೆಯ ಮಾತನ್ನು ಸುವರ್ಣಾ ನನಗೆ ಹೇಳಿದ ಕನ್ನಡದಲ್ಲೇ ಬರೆಯುತ್ತೇನೆ.

"ನಿಮ್ಮ ದೇಶದ ಸರಕಾರದ ನಿಯಮ ಐತಿ. ಗಂಡ ಹೆಂಡತಿ ವಯಸ್ಸು ಕೂಡಿಸಿ ನೋಡತಾರ. ನಿಮಗ ಎಳೀ ಕೂಸು ಸಿಗೂದಿಲ್ಲ. ಎರಡು ವರ್ಷ ದಾಟಿದ್ದು, ಇಲ್ಲಾ ಇನ್ನೂ ದೊಡ್ಡದು. ಜಡ್ಡು ಇದ್ದದ್ದೂ ಇರಬಹುದು. ಎಷ್ಟು ವರ್ಷ ಕಾಯಬೇಕು ನಾ ಹೇಳಾಕ ಬರೂದಿಲ್ಲ. ಸರಕಾರ ಮಗು ಗೊತ್ತ ಮಾಡೂ ತನಕ ಯಾರೂ ನಿಮಗ ಒಂದು ಫೋಟೋನೂ ತೋರಸೂಹಂಗಿಲ್ಲ."

ಸುವರ್ಣಾಳ ದನಿ ಹೇಳುತ್ತಾ ಹೇಳುತ್ತಾ ಸಣ್ಣದಾಯಿತು. ಈರಣ್ಣ ಮಾತ್ರ ತಲೆಯಾಡಿಸುತ್ತಾ ಎಲ್ಲವನ್ನೂ ಬರೆದುಕೊಂಡ.

ಹೇಗಾದರೂ ಆಕೆಯ ಮನಸ್ಸು ಕರಗಲಿ ಎಂದು ನಾನು ಎದ್ದೆ. ಮೂಡಲಗಿಯಿಂದಲೇ ಮಡಿಲು ತುಂಬುವ ಉಡಿ ಸಾಮಾನು ತಂದಿದ್ದೆ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಕುಪ್ಪಸಕ್ಕೊಂದು ಹಸಿರು ಖಣ. ನಮ್ಮಲ್ಲಿ ಶುಭ ಕೆಲಸಕ್ಕೆ ಕೈ ಹಚ್ಚುವ ಹೆಂಗಸಿಗೆ ಉಡಿ ತುಂಬದೆ ಮಾತು ಮುಗಿಯುವುದಿಲ್ಲ. ಕುಂಕುಮ ಹಚ್ಚಲು ಕೈ ಮುಂದೆ ಮಾಡಿದೆ. ಕ್ಲಾರಾ ನನ್ನ ಕೈ ಹಿಡಿದು ನಿಲ್ಲಿಸಿದಳು.

ತುಂಬಿದ ಉಡಿ ಬೇಡವೆಂದವರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ವೈರಿಯೂ ಸೆರಗೊಡ್ಡುತ್ತಾಳೆ. ಈಕೆ ಎಲ್ಲವನ್ನೂ ಮೆತ್ತಗೆ ನನ್ನ ಚೀಲಕ್ಕೇ ತಿರುಗಿ ಹಾಕಿ, ಕಡತದಲ್ಲಿ ಏನೋ ಬರೆದುಕೊಂಡಳು.

"ಏನ ಬರದ್ಲು?"

"'ಅಕ್ಕ ಕಾಣಿಕಿ ತಂದಿದ್ಲು, ತಗೊಂಡಿಲ್ಲ' ಅಂತ. 'ಇವತ್ತು ನಾ ಇದನ್ನ ತಗೊಂಡ್ರ, ನಾಳೆ ಮಗು ದೊಡ್ಡದಾಗಿ ಕೇಳತೈತಿ, ನನ್ನ ತರಾಕ ಏನ ಕೊಟ್ಟಿದ್ರಿ ಅಂತ' ಅಂತಾಳ."

ಕೆಳಗೆ ಟ್ರಾಮಿನ ನಿಲ್ದಾಣದಲ್ಲಿ ನಾವು ಅಕ್ಕ ತಂಗಿ ಇಬ್ಬರೂ ಅತ್ತೆವು. ಅವಳು ಎಳೆಗೂಸಿಗೆ, ನಾನು ವಾಪಸ್ಸು ಬಂದ ಉಡಿಗೆ. "ಕಲ್ಲ ಅದಾಳ ಇಕಿ. ಬ್ಯಾರೇದು ನೋಡೂಣು," ಅಂದೆ. ನನ್ನ ಮಟ್ಟಿಗೆ ಆಗಲೇ ತೀರ್ಮಾನವಾಗಿತ್ತು.

ಸರೋವರದ ದಂಡೆಯ ಊರು

ಎರಡನೆಯ ಸಂಸ್ಥೆ ದೊಡ್ಡ ಸರೋವರದ ದಂಡೆಯ ಊರಲ್ಲಿತ್ತು. ರೈಲಿಳಿದರೆ ಒಂದು ಕಡೆ ಗುಡ್ಡ, ಒಂದು ಕಡೆ ನೀರು, ನೀರಿನ ಮೇಲೆ ಬಿಳಿ ಹಕ್ಕಿ. ರೊಸೆಲ್ಲಾ ಎಂಬಾಕೆ ಮೆಟ್ಟಿಲಿಗೇ ಬಂದು ಕೈಜೋಡಿಸಿ "ನಮಸ್ತೆ" ಅಂದಳು. ಕೂಡಿಸಿ ಬಿಸ್ಕೀಟು ಕೊಟ್ಟಳು. ನಾನು ಅಂಜುತ್ತಲೇ ಉಡಿ ಸಾಮಾನು ತೆಗೆದರೆ, ಕೊರಳಿನ ರೇಷ್ಮೆ ವಸ್ತ್ರ ಬಿಚ್ಚಿ ಒಡ್ಡಿಯೇ ಬಿಟ್ಟಳು! ಕುಂಕುಮ ಹಚ್ಚಿಸಿಕೊಂಡಳು. ಉತ್ತತ್ತಿ ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದಳು.

"ನೋಡ, ಇವರು ನಮ್ಮಂಥಾರು," ಅಂದೆ ಸುವರ್ಣಾಗೆ. ಈರಣ್ಣನಿಗೂ ಕೇಳಲಿ ಎಂದು ಜೋರಾಗಿಯೇ ಅಂದೆ.

ರೊಸೆಲ್ಲಾ ಹೇಳಿದಳು: ಎಳೆಗೂಸು ಸಿಗುತ್ತದೆ. ಆರು ತಿಂಗಳು ಕಾದರೆ ಸಾಕು, ಬಹಳವಾದರೆ ಎಂಟು. ಭಾರತದಲ್ಲಿ ನಮ್ಮವರೇ ಒಬ್ಬರಿದ್ದಾರೆ. ಹೇಳುತ್ತಾ ಕಪಾಟಿನಿಂದ ದಪ್ಪ ಆಲ್ಬಮ್ ತೆಗೆದು ತಂಗಿಯ ತೊಡೆಯ ಮೇಲಿಟ್ಟಳು. ಪುಟಪುಟಕ್ಕೂ ಕೂಸುಗಳ ಫೋಟೋ.

ಈರಣ್ಣ ಮೆಲ್ಲಗೆ, "ಅಕ್ಕಾರ, ಫೋಟೋ ತೋರಸೂಹಂಗಿಲ್ಲ ಅಂದಿದ್ಲಲ್ರಿ ಮಿಲಾನಿನಾಕಿ," ಅಂದ.

"ಸುಮ್ನ ಕುಂದರಪಾ. ಕೊಡೂ ಮನಸ್ಸಿಲ್ಲದಾಕಿ ಹಂಗ ಅಂತಾಳ," ಅಂದವಳು ನಾನೇ.

ಪುಟ ನಾನೇ ತಿರುವಿದೆ. ಇದರ ಮೂಗು ಚಂದ, ಇದು ಸ್ವಲ್ಪ ಕಪ್ಪು, ಇದು ಸೊರಗಿದೆ. ಸಂತೆಯಲ್ಲಿ ಬದನೆಕಾಯಿ ಹೊರಳಿಸಿ ನೋಡುವಂತೆ ನೋಡಿದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಹಾಗೇ ನೋಡಿದೆ. ಒಂದು ಫೋಟೋದ ಮೇಲೆ ಬೆರಳಿಟ್ಟು, "ಇದು! ಸುವರ್ಣಾ, ಇದರ ಮಾರಿ ನೋಡ!" ಅಂದೆ. ಮೂರು ನಾಲ್ಕು ತಿಂಗಳ ಕೂಸು, ಗುಂಡು ಮುಖ, ನಗುತ್ತಿತ್ತು. ರೊಸೆಲ್ಲಾ ಚಪ್ಪಾಳೆ ತಟ್ಟಿದಳು. ಸುವರ್ಣಾ ಆ ಫೋಟೋವನ್ನು ಬೆರಳಿನಿಂದ ಸವರಿದಳು.

ಆಗ ನನ್ನ ಕಣ್ಣು ಮುಖ ಬಿಟ್ಟು ತಲೆಯ ಕಡೆ ಹೋಯಿತು.

ಕೂಸಿಗೆ ಕುಂಚಿಗೆ ಹಾಕಿದ್ದರು. ತಲೆ ಮುಚ್ಚಿ ಬೆನ್ನಿನತನಕ ಇಳಿಯುವ ನಮ್ಮ ಕಡೆಯ ಕುಂಚಿಗೆ. ಕೆಂಪು ಖಣದ್ದು, ಅಂಚಿಗೆ ಹಳದಿ ಪಟ್ಟಿ, ಹಣೆಯ ಹತ್ತಿರ ಸಾಲಾಗಿ ಪೋಣಿಸಿದ ಮಣಿ. ಅಂಗಡಿಯದಲ್ಲ, ಕೈಹೊಲಿಗೆ. ನಮ್ಮ ಕಡೆ ಕೂಸಿನ ತಾಯಿಯ ತವರವರು ಕುಂಚಿಗೆ ಹೊಲಿದು ತೊಟ್ಟಿಲಿಗೆ ಹಾಕುವ ದಿನ ತರುತ್ತಾರೆ. ನನ್ನ ಮಗಳ ಕೂಸಿಗೆ ನಾನೇ ಕಣ್ಣು ನೋಯಿಸಿಕೊಂಡು ಹೊಲಿದಿದ್ದೇನೆ, ಒಂದೊಂದು ಮಣಿಗೂ ಎರಡು ಸಲ ದಾರ ಎಳೆದು, ಕೂಸು ಕಿತ್ತು ಬಾಯಿಗೆ ಹಾಕಿಕೊಳ್ಳಬಾರದೆಂದು. ಕೂಸಿನ ಕೆನ್ನೆಯ ಮೇಲೆ ದೃಷ್ಟಿಬೊಟ್ಟು ಇತ್ತು. ಫೋಟೋದ ಅಂಚಿನಲ್ಲಿ, ಕತ್ತರಿಸಿ ಉಳಿದಷ್ಟು, ಹಸಿರು ಬಳೆಯ ಒಂದು ಕೈ ಕೂಸನ್ನು ಹಿಡಿದಿತ್ತು.

"ಕೇಳ ಸುವರ್ಣಾ, ಈ ಕೂಸ ಎಲ್ಲಿ ಸಿಕ್ಕಿತು ಅಂತ."

ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟುಹೋಗಿದ್ದರು ಎಂದಳು ರೊಸೆಲ್ಲಾ.

"ಬಿಟ್ಟ ಹೋಗಾರು ಮಣಿ ಕುಂಚಿಗಿ ಹಾಕಿ ಬಿಡತಾರೇನ? ಈ ಕೈ ಯಾರದು ಕೇಳ."

ಆಶ್ರಮದ ಆಯಾ ಇರಬೇಕು ಎಂದಳು. ಕುಂಚಿಗೆ ಯಾರು ಹೊಲಿದರು ಎಂದು ಕೇಳಿಸಿದೆ. ಆಗ ಮಾತು ತಿರುಗಿತು: ತಾಯಿ ಬಡವಳು, ಮನೆಯವರೇ ಒಪ್ಪಿ ಕೊಡುತ್ತಾರೆ. ಬಸ್ ಸ್ಟ್ಯಾಂಡು ಎಲ್ಲಿ ಹೋಯಿತು?

"ಈಗ ಕೂಸ ಎಲ್ಲೈತಿ? ಆಶ್ರಮದಾಗೋ, ಮನ್ಯಾಗೋ?"

ಸುವರ್ಣಾ ಕೇಳಿದಳು. ರೊಸೆಲ್ಲಾ ಆಲ್ಬಮ್ ಮುಚ್ಚಿ, ನಗುತ್ತಲೇ ಏನೋ ಅಂದಳು. ಸುವರ್ಣಾ ನನ್ನ ಕಡೆ ನೋಡದೆ ಹೇಳಿದಳು:

"'ಸದ್ಯ ಮನ್ಯಾಗೈತಿ. ನೀವು ಹ್ಞೂಂ ಅಂದ್ರ ಅನಾಥ ಅಂತ ಕಾಗದ ಆಗತಾವು' ಅಂತಾಳ."

ಆ ಹೊತ್ತಿನಲ್ಲಿ ನಮ್ಮ ಸೀಮೆಯಲ್ಲೋ, ಆಚೆ ಮಹಾರಾಷ್ಟ್ರದ ಕಡೆಯೋ ಒಂದು ಮನೆಯಲ್ಲಿ ಆ ಕೂಸು ತೊಟ್ಟಿಲಲ್ಲಿತ್ತು. ನನ್ನ ಬೆರಳು ಅದರ ಮೇಲಿತ್ತು. ನಾನು ಹ್ಞೂಂ ಅನ್ನುವುದೊಂದೇ ಬಾಕಿ. ನಾನು ತುಂಬಿದ ಉಡಿ ಅವಳ ಮೇಜಿನ ಮೇಲೆ ಗಂಟು ಕಟ್ಟಿ ಕೂತಿತ್ತು.

"ಏಳ್ರಿ," ಅಂದೆ. ನಾನು ಎದ್ದೆ, ಈರಣ್ಣ ಸುವರ್ಣಾಳನ್ನು ರಟ್ಟೆ ಹಿಡಿದು ಎಬ್ಬಿಸಿದ.

ಮರಳುವ ರೈಲು

ರೈಲಿನಲ್ಲಿ ಸುವರ್ಣಾ ನನ್ನ ಎದುರು ಕೂತು, ನನ್ನನ್ನು ಚಿಕ್ಕಂದಿನಿಂದ ಎಂದೂ ನೋಡದ ಹಾಗೆ ನೋಡಿದಳು.

"ನೀ ಎರಡ ಹಡದಾಕಿ. ನಿನಗ ಕೂಸಂದ್ರ ಹಗುರ. ಒಂದು ಕುಂಚಿಗಿ ನೋಡಿ ನನ್ನ ಕೂಸ ಕಳದಿ."

"ಅದು ನಿನ್ನ ಕೂಸಲ್ಲ, ಸುವರ್ಣಾ."

"ಮತ್ತ ಯಾವುದು ನನ್ನ ಕೂಸು? ಹೇಳಕ್ಕಾ! ಅಲ್ಲಿ ಆ ಮುದಿಕಿ ಇಲ್ಲ ಅಂತಾಳ, ಇಲ್ಲಿ ನೀ ಇಲ್ಲ ಅಂತಿ. ಒಂದೂವರಿ ತಿಂಗಳು ಉಳದೈತಿ ನನಗ!"

ಡಬ್ಬಿಯಲ್ಲಿದ್ದವರು ತಿರುಗಿ ನೋಡಿದರು. ಈರಣ್ಣ ಅದುವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದವ, ಹೊರಗೆ ನೋಡುತ್ತಲೇ ಹೇಳಿದ: "ಸುವರ್ಣಾ, ಅದನ್ನ ತಂದ್ವಿ ಅಂತ ತಿಳಿ. ಹತ್ತ ವರ್ಷಕ್ಕ ಆ ಕುಂಚಿಗಿ ಹೊಲದಾಕಿ ಬಂದು ಬಾಗಲಾ ಬಡದ್ರ, ಯಾರು ತೆಗೀಬೇಕು? ನೀನೋ, ನಾನೋ?"

ಅವಳು ಸೆರಗು ಬಾಯಿಗಿಟ್ಟುಕೊಂಡಳು. ಪಕ್ಕದ ಸೀಟಿನ ಅಪರಿಚಿತ ಮುದುಕಿ ಇಳಿಯುವಾಗ ಸುವರ್ಣಾಳ ಮೊಣಕಾಲ ಮೇಲೆ ಒಂದು ಕಿತ್ತಳೆ ಇಟ್ಟು ಹೋದಳು. ಆ ದಿನಕ್ಕೆ ಉಪಕಾರವೆಂದು ಎಣಿಸಲು ನನಗೆ ಸಿಕ್ಕದ್ದು ಅದೊಂದೇ.

ಸುವರ್ಣಾ ನನ್ನೊಂದಿಗೆ ಮಾತು ಬಿಟ್ಟಳು. ನಾನು ಬೆಳಗ್ಗೆ ಲಿಂಗಪೂಜೆಗೆ ಕೂತರೆ ಕಣ್ಣ ಮುಂದೆ ಆ ಮಣಿಸಾಲೇ ಬರುತ್ತಿತ್ತು. ಮೂರನೆಯ ದಿನ ಪೂಜೆ ಮುಗಿಸಿ ಏಳುವಾಗ ಸುವರ್ಣಾ ಫೋನಿನಲ್ಲಿ ಇಟಾಲಿಯನ್ ಮಾತಾಡುವುದು ಕೇಳಿಸಿತು. ಮಧ್ಯೆ "ಕ್ಲಾರಾ" ಎಂಬ ಹೆಸರು ಬಂತು. ನಾನು ಅಲ್ಲಿಯೇ ಮತ್ತೆ ಕೂತೆ.

ಮತ್ತೆ ಮೂರನೆಯ ಮಹಡಿ

ಕ್ಲಾರಾ ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟಳು. ರೊಸೆಲ್ಲಾಳ ಸಂಸ್ಥೆಗೆ ಬೇರೆ ಒಂದು ದೇಶದ ಪರವಾನಗಿ ಇತ್ತು, ಭಾರತದ್ದು ಇರಲೇ ಇಲ್ಲ. ನಾವು ಕಂಡದ್ದು, ಕೇಳಿದ್ದು ಎಲ್ಲವನ್ನೂ ಬರೆಸಿ, ಮೂವರಿಂದಲೂ ಸಹಿ ಹಾಕಿಸಿ, ಸರಕಾರಕ್ಕೆ ಕಳಿಸಿದಳು. ಕುಂಚಿಗೆ ಎಂದರೇನು ಎಂದು ಕೇಳಿದಾಗ ನಾನೇ ಚಿತ್ರ ತೆಗೆದು ತೋರಿಸಿದೆ.

"ಆ ಕೂಸಿನ ಗತಿ ಏನಾಗತೈತಿ?" ಎಂದು ಕೇಳಿಸಿದೆ.

"ಗೊತ್ತಾದ್ರ ಹೇಳತೇನಿ. ಗೊತ್ತಾಗಲಾರದೂ ಇರಬಹುದು," ಅಂದಳು. ಇವತ್ತಿನವರೆಗೂ ಗೊತ್ತಾಗಿಲ್ಲ. ಪೂಜೆಯಲ್ಲಿ ಆ ಕೂಸಿಗೊಂದು ಬಿಲ್ವಪತ್ರೆ ಬೇರೆ ಏರಿಸುತ್ತೇನೆ. ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ.

ಆಮೇಲೆ ಆರಿಸಿದ್ದು ಕ್ಲಾರಾಳ ಸಂಸ್ಥೆಯನ್ನೇ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮುಂಚೆ ಒಂದು ಉದ್ದ ಅರ್ಜಿ ತುಂಬಬೇಕಿತ್ತು. ಗಂಡೋ ಹೆಣ್ಣೋ? ಯಾವುದಾದರೂ ಸರಿ ಎಂದು ಬರೆದಳು. ವಯಸ್ಸು? ಸುವರ್ಣಾ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಕ್ಲಾರಾ ಅವಸರ ಮಾಡಲಿಲ್ಲ, ಎದ್ದು ಹೋಗಿ ಕಿಟಕಿಯ ಕುಂಡಕ್ಕೆ ನೀರು ಹಾಕಿದಳು. ನಾಲ್ಕು ವರ್ಷದವರೆಗೆ ಎಂದು ಬರೆದಳು ತಂಗಿ. ಜಡ್ಡಿನ ಪಟ್ಟಿಯಲ್ಲಿ ಸೀಳುತುಟಿ ಎಂಬಲ್ಲಿ ಗುರುತು ಹಾಕಿ ನನ್ನ ಕಡೆ ತಿರುಗಿದಳು. "ಹುಕ್ಕೇರ್ಯಾಗ ನಮ್ಮ ಓಣಿ ನೀಲವ್ವಗ ಇತ್ತಲ್ಲಕ್ಕಾ. ಎಷ್ಟ ಚಂದ ಹಾಡತಿದ್ಲು." ಕ್ಲಾರಾಳ ಮಾತು ದಾಟಿಸಿದ್ದು ಬಿಟ್ಟರೆ, ರೈಲಿನ ನಂತರ ನನ್ನೊಂದಿಗೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಹೊರಡುವಾಗ ನಾನು ಕ್ಲಾರಾಗೆ, "ಅವತ್ತ ನಿಮ್ಮ ಮ್ಯಾಲ ಭಾಳ ಸಿಟ್ಟ ಬಂದಿತ್ರಿ," ಎಂದು ಹೇಳಿಸಿದೆ. ಆಕೆ ನಕ್ಕು ಉತ್ತರ ಕೊಟ್ಟಳು: "ನನಗೂ ಬ್ಯಾಸರಾಗಿತ್ತು. ಆ ಹಸಿರು ಬಟ್ಟಿ ಭಾಳ ಚಂದಿತ್ತು."

ಗೋಕಾಕ

ಊರಿಗೆ ಬಂದ ನಾಲ್ಕನೆಯ ದಿನ ಗಂಗವ್ವನವರ ಮನೆಗೆ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂಸು ಕಂಡರೆ ಅದರ ತಲೆಯನ್ನೇ ನೋಡುತ್ತಿದ್ದೆ. ಗಂಗವ್ವನವರು ಚಹಾ ಕೊಟ್ಟು, ಬಾಗಿಲು ಮುಂದೆ ಮಾಡಿ, ಹತ್ತಿರ ಕೂತರು.

"ಕೂಸ ಸಿಕ್ಕಿತೇನ್ರಿ?"

"ಇನ್ನೂ ಇಲ್ರಿ ಅತ್ತ್ಯಾರ. ವರ್ಷಾನೂ ಆದೀತು, ಎರಡ ವರ್ಷಾನೂ ಆದೀತು. ಮತ್ತ ಅದು ಎಳೀ ಕೂಸಲ್ರಿ. ನಡಕೊಂಡ ಬರತೈತಿ."

"ನಡಕೊಂಡ?"

"ಹೌದ್ರಿ. ಮೂರು ವರ್ಷದ್ದೋ, ನಾಕ ವರ್ಷದ್ದೋ. ಹಡದಾಳ ಅಂತ ಓಣ್ಯಾಗ ಹೇಳಾಕ ಬರೂದಿಲ್ರಿ. ಅದಕ್ಕೂ ಗೊತ್ತಿರತೈತಿ."

ಅವರು ಚಹಾದ ಬಟ್ಟಲು ಕೆಳಗಿಟ್ಟರು. ಬೈಗಳು ಬರುತ್ತವೆಂದು ನಾನು ಕಾದೆ. ಅವರು ತಮ್ಮಷ್ಟಕ್ಕೆ ಬೆರಳು ಮಡಚಿ ಏನೋ ಲೆಕ್ಕ ಹಾಕಿ ಕೇಳಿದರು: "ಈಗ ನಾಕ ವರ್ಷದ್ದು ಬರತೈತಿ ಅಂದ್ರ, ಅದು ಹುಟ್ಟಿ ಆಗಿರಬೇಕಲ್ಲ?"

ನನಗೆ ಇದು ಹೊಳೆದಿರಲೇ ಇಲ್ಲ. ಇಷ್ಟು ದಿನ ಮಗು ಎಂದರೆ ಮುಂದೆ ಬರಬೇಕಾದದ್ದು ಅಂದುಕೊಂಡಿದ್ದೆ. ಅದು ಆಗಲೇ ಈ ದೇಶದಲ್ಲಿ ಎಲ್ಲೋ ಇದೆ.

"ಆಗಿರಬೇಕ್ರಿ," ಅಂದೆ.

ಗಂಗವ್ವನವರು ಎದ್ದು ಹೋಗಿ, ಮುಂದೆ ಮಾಡಿದ್ದ ಬಾಗಿಲನ್ನು ಪೂರ್ತಿ ತೆರೆದರು. ಓಣಿಯ ಬಿಸಿಲು ಪಡಸಾಲೆಗೆ ಬಂತು. ಹೊಸ್ತಿಲ ಮೇಲೆ ನಿಂತು, ನನ್ನ ಕಡೆ ತಿರುಗದೆ ಕೇಳಿದರು:

"ಯಾರ ಇಟ್ಟಾರೋ, ಏನ ತಿನಸಾಕತ್ತಾರೋ. ಹಲ್ಲ ಬಂದಿರತಾವ ಬಿಡ್ರಿ, ಹೌದಲ್ಲ? ಮೆತ್ತನ್ನ ರೊಟ್ಟಿ ಮಾಡಿ ಹಾಕಿದ್ರ ತಿಂದೀತು."